ಉಣುಗೋಲಿನಾಚೆ ಹುಲ್ಲು ನೆಟ್ಟ ರುದ್ರಯ್ಯನವರು

ಹಾಸನ ಜಿಲ್ಲೆಯ ಪಡುವಣ ಅಂಚಿನ ಆಲೂರು, ಸಕಲೇಶಪುರದ ಗುಡ್ಡಗಾಡಿನಲ್ಲಿ ಕೃಷಿ ವಿಸ್ತರಣೆಯ ಕೆಲಸ ಮಾಡಿದವರು ಹಲವರಿದ್ದಾರೆ. ಭತ್ತದ ಹೊಸ ತಳಿ ತಂದವರಿದ್ದಾರೆ, ಆಲೂಗೆಡ್ಡೆಯ ಅಂಗಮಾರಿಗೆ ಮದ್ದು ಹೇಳಿದವರಿದ್ದಾರೆ, ಕಾಫಿಯ ನೆರಳಿನ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿದವರಂತೂ ಬೇಕಾದಷ್ಟಿದ್ದಾರೆ. ಆದರೆ ದನ ಮೇಯುವ ಹುಲ್ಲನ್ನೂ, ಕೊಯ್ಲಾದ ಮೇಲೆ ಬರಿದೆ ಬಿದ್ದಿರುವ ನೆಲಕ್ಕೆ ಹೊದಿಕೆಯಾಗುವ ಬೆಳೆಯನ್ನೂ ಭತ್ತ ರಾಗಿಗಳ ಸಮಕ್ಕೆ ಕೂರಿಸಿ, ಅವಕ್ಕೂ ಒಂದು ಬಿತ್ತನೆಯ ಕ್ರಮ ಉಂಟೆಂದು ಮನೆಮನೆಗೆ ಹೋಗಿ ಹೇಳಿ, ಹೇಳಿದ್ದನ್ನು ಕೈಯಾರೆ ನೆಟ್ಟು ತೋರಿಸಿದವರೆಂದರೆ ಕಳೆದ ತಿಂಗಳು ಸೇವೆಯಿಂದ ನಿವೃತ್ತರಾದ ಸಹಾಯಕ ಕೃಷಿ ಅಧಿಕಾರಿ ಶ್ರೀ ರುದ್ರಯ್ಯನವರು. ಈ ಸೀಮೆಯ ಗದ್ದೆಬದುಗಳಲ್ಲಿ ಇಂದು ತೂಗಾಡುತ್ತಿರುವ ನೇಪಿಯರ್ ಮತ್ತು ಗಿನಿ ಹುಲ್ಲಿನ ಬಹುಪಾಲು ಅವರು ತಂದ ಬುಡಗಳದೇ ಸಂತಾನ.

ಈ ಸಂಪುಟಕ್ಕೆ ಅವರನ್ನು ಒಪ್ಪಿಸಿದ್ದು ಸುಲಭದ ಕೆಲಸವಾಗಿರಲಿಲ್ಲ. ಅಭಿನಂದನ ಸಮಿತಿಯ ಪರವಾಗಿ ಕೇಳಲು ಹೋದ ಕೃಷಿ ಅಧಿಕಾರಿ ಶ್ರೀಮತಿ ನಯನಾ ಅವರಿಗೆ ರುದ್ರಯ್ಯನವರು ಮೊದಲು ಕಾಫಿ ಕೊಟ್ಟರು, ಆಮೇಲೆ ಬೈದರು, ಕೊನೆಗೆ ಒಂದು ಷರತ್ತು ಹಾಕಿದರು. “ಹೊಗಳಿ ಬರೀತೀರೋ, ಬರ್ಕೊಳ್ಳಿ ತಾಯಿ. ಆದ್ರೆ ಮಾವಿನಹಡ್ಲಿನ ಲಿಂಗಮ್ಮನ ವಿಷಯ ಬರೀಲಿಲ್ಲ ಅಂದ್ರೆ ಆ ಪುಸ್ತಕ ನನ್ ಕೈಗೆ ಕೊಡಬ್ಯಾಡಿ.” ಅಭಿನಂದನ ಗ್ರಂಥದಲ್ಲಿ ಸಂಕಟದ ಮಾತು ಬೇಡವೆಂದು ಸಮಿತಿಯ ಹಿರಿಯರು ಗೊಣಗಿದ್ದು ನಿಜ. ಆದರೆ ಲಿಂಗಮ್ಮನನ್ನು ಬಿಟ್ಟು ರುದ್ರಯ್ಯನವರನ್ನು ಬರೆಯುವುದು ಆಗದ ಕೆಲಸ ಎಂಬುದು ಅವರ ಜೊತೆ ದುಡಿದ ನಮಗೆಲ್ಲ ಗೊತ್ತು.

ರುದ್ರಯ್ಯನವರು ಅರಸೀಕೆರೆ ಕಡೆಯ ಒಣಬೇಸಾಯದ ಮನೆಯವರು. ರಾಗಿ ಕೊಯ್ದ ಹೊಲಕ್ಕೆ ಹುರುಳಿ ಚೆಲ್ಲಿ, ಮಂಜಿನ ತೇವದಲ್ಲೇ ಅದನ್ನು ಎಬ್ಬಿಸುತ್ತಿದ್ದ ತಂದೆಯ ಹಿಂದೆ ತಿರುಗಿದವರು. ನೆಲವನ್ನು ಬೆತ್ತಲೆ ಬಿಡಬಾರದು ಎಂಬುದು ಅವರಿಗೆ ಪುಸ್ತಕದಿಂದ ಬಂದ ಪಾಠವಲ್ಲ. ಗ್ರಾಮಸೇವಕರಾಗಿ ಕೆಲಸಕ್ಕೆ ಸೇರಿ, ಆಲೂರಿನ ರಾಗಿ ಆಲೂಗೆಡ್ಡೆಗಳ ನಡುವೆ ಬಹುಕಾಲ ದುಡಿದು, ತೊಂಬತ್ತರ ದಶಕದ ಆರಂಭದಲ್ಲಿ ಹೆಗ್ಗದ್ದೆ ಕಡೆಯ ಘಟ್ಟದ ವೃತ್ತಕ್ಕೆ ವರ್ಗವಾಗಿ ಬಂದರು. ಅಷ್ಟು ಮಳೆ ಸುರಿಯುವ ನಾಡಿನಲ್ಲಿ ಬೇಸಿಗೆ ಬಂತೆಂದರೆ ಗದ್ದೆಯ ಮಣ್ಣು ಬಿರುಕು ಬಿಟ್ಟು ಬಾಯಿ ತೆರೆದಿರುವುದನ್ನು ಕಂಡು, “ಇಷ್ಟು ನೀರು ಕುಡ್ದೂ ಬಾಯಾರ್ಕೆ ಅಂತೈತಲ್ಲ ಈ ಭೂಮಿ” ಎಂದು ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದರು.

ಹೆಗ್ಗದ್ದೆಯಿಂದ ಒಂದಿಷ್ಟು ದೂರದಲ್ಲಿ, ಎರಡು ಗುಡ್ಡಗಳ ಸಂದಿನಲ್ಲಿ ಮಾವಿನಹಡ್ಲು ಎಂಬ ಸಣ್ಣ ಊರಿದೆ. ಅಲ್ಲಿನ ಪಟೇಲರ ಮನೆತನದ ವೀರಯ್ಯನವರು ಹೊಸದೊಂದನ್ನು ನೋಡೇಬಿಡೋಣ ಎನ್ನುವ ಸ್ವಭಾವದವರು. ಭತ್ತದ ಕೊಯ್ಲಿಗೆ ಕೆಲವು ದಿನ ಮೊದಲೇ, ಮಣ್ಣಿನಲ್ಲಿ ಹಸಿ ಇರುವಾಗ, ನಿಂತ ಪೈರಿನ ನಡುವೆಯೇ ಹಸಿರುಗೊಬ್ಬರದ ಬೆಳೆಯಾದ ಅಪ್ಸೆಣಬಿನ ಬೀಜ ಎರಚಬೇಕು. ಕೊಯ್ಲಾಗುವ ಹೊತ್ತಿಗೆ ಅದು ಎರಡೆಲೆ ಒಡೆದಿರುತ್ತದೆ. ಹಳದಿ ಹೂವು ಬಿಟ್ಟಾಗ ನೆಲಕ್ಕೆ ಮಡಚಿ ಉತ್ತರೆ ಅದೇ ಗೊಬ್ಬರ, ಅದೇ ಹೊದಿಕೆ. ರುದ್ರಯ್ಯನವರ ಈ ಮಾತನ್ನು ನಂಬಿ ವೀರಯ್ಯನವರು ಬೀಜ ಎರಚಿಸಿದರು. ಸೆಣಬು ಮೊಳಕಾಲಿನ ತನಕ ಬಂತು. ಒಂದು ಬೆಳಗ್ಗೆ ರುದ್ರಯ್ಯನವರು ಬಂದು ನೋಡಿದರೆ ಗದ್ದೆಯ ತುಂಬ ಊರಿನ ದನ, ಸೆಣಬಿನ ಸುಳಿವಿಲ್ಲ.

ಅವರು ಕೂಗಾಡಿದ್ದು ಆಚೆ ಗುಡ್ಡಕ್ಕೂ ಕೇಳಿಸಿತಂತೆ. ವೀರಯ್ಯನವರು ಮಾತ್ರ ಸಮಾಧಾನವಾಗಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಹೇಳಿದರು: “ಯಾಕಿಂಗ್ ಕೂಗಾಡ್ತೀರಿ ಮಾರಾಯ್ರೇ? ಕುಯ್ಲು ಆದ್ಮೇಲೆ ಅದು ನನ್ ಗದ್ದೆ ಅಲ್ಲ ಕಣ್ರೀ, ಊರಿನ್ ಗದ್ದೆ. ಉಣುಗೋಲು ತೆಗೆದ್ ಮೇಲೆ ಯಾರ್ ದನನಾದ್ರೂ ಮೇಯ್ಬೌದು.”

ಗದ್ದೆಬಯಲಿನ ದಾರಿಗೆ ಎರಡು ಕಂಬ ನೆಟ್ಟು, ಅಡ್ಡಕ್ಕೆ ಸಿಕ್ಕಿಸುವ ಮರದ ಗಳುಗಳೇ ಉಣುಗೋಲು. ಊರಿನ ಕೊನೆಯ ಹೊರೆ ಕಣ ಸೇರಿದ ಮಾರನೆಯ ದಿನ ಹಿರಿಯರೊಬ್ಬರು ಆ ಗಳುಗಳನ್ನು ಎಳೆದು ಪಕ್ಕಕ್ಕಿಡುತ್ತಾರೆ; ಅಲ್ಲಿಂದ ಮುಂಗಾರಿನ ಮೊದಲ ಉಳುಮೆಯವರೆಗೆ ಬಯಲೆಲ್ಲ ಎಲ್ಲರ ದನಗಳಿಗೂ ಬಿಟ್ಟದ್ದು. ಒಬ್ಬ ತನ್ನ ಗದ್ದೆಯಲ್ಲಿ ಹೊದಿಕೆ ಬೆಳೆ ಹಾಕಿದರೆ ಅದು ಇಡೀ ಊರಿಗೆ ಮೇವು ಹಾಕಿದಂತೆಯೇ. ಇಲಾಖೆಯ ಮಾರ್ಗಸೂಚಿಯಲ್ಲಿ ಬೀಜದ ಪ್ರಮಾಣವಿತ್ತು, ಆಳವಿತ್ತು, ಅಂತರವಿತ್ತು. ಉಣುಗೋಲಿನ ಮಾತಿರಲಿಲ್ಲ.

ಸೋತು ಸುಮ್ಮನಾಗುವ ಜಾಯಮಾನ ರುದ್ರಯ್ಯನವರದಲ್ಲ. ಗಳು ತೆಗೆಯಬಾರದೆಂದರೆ ದನ ಕೊಟ್ಟಿಗೆಯಲ್ಲಿ ಕಟ್ಟಬೇಕು, ಕಟ್ಟಿದ ದನಕ್ಕೆ ಹುಲ್ಲು ಬೇಕು. ಹಾಗಾದರೆ ಮೊದಲು ಹುಲ್ಲು. ಆಲೂರಿನ ಪರಿಚಯದವರ ತೋಟಗಳಿಂದ ನೇಪಿಯರ್ ಕಡ್ಡಿ, ಗಿನಿ ಹುಲ್ಲಿನ ಬುಡಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಸಾಗಿಸಿದರು. ಕಂಡಕ್ಟರ್ ಗಣೇಶ್ ದಿನವೂ ಛೇಡಿಸುತ್ತಿದ್ದ: “ಸಾರ್, ನಿಮ್ ಹುಲ್ಲು ಸೀಟ್ ಹಿಡ್ಕಂಡ್ ಕುಂತೈತೆ, ಅದ್ಕೂ ಒಂದ್ ಟಿಕೆಟ್ ತಗಳಿ.” ಜೂನ್ ತಿಂಗಳ ಮಳೆ ನೆಲಕ್ಕೆ ಇಳಿದ ಮೇಲೆ, ಕಡ್ಡಿಯ ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಸ್ವಲ್ಪ ಓರೆಯಾಗಿ ಊರಬೇಕು, ಬುಡಗಳ ನಡುವೆ ಒಂದು ಮೊಳಕ್ಕೆ ಕಡಿಮೆ ಇರಬಾರದು, ಮೊದಲ ಕೊಯ್ಲಿಗೆ ಅವಸರ ಮಾಡಬಾರದು. ಇದನ್ನು ಅವರು ಬಾಯಲ್ಲಿ ಹೇಳಿ ಹೋದವರಲ್ಲ. ಪ್ರತಿ ಮನೆಯ ಮೊದಲ ಸಾಲನ್ನು ತಾವೇ ಕಂಬಳಿಕೊಪ್ಪೆ ಹೊದ್ದು, ಪ್ಯಾಂಟು ಮಡಚಿ, ಕೆಸರಲ್ಲಿ ಕೂತು ನೆಡುತ್ತಿದ್ದರು. ಎರಡು ಮಳೆಗಾಲ ಕಳೆಯುವುದರಲ್ಲಿ ಮಾವಿನಹಡ್ಲಿನ ಬದುಗಳೆಲ್ಲ ಹಸಿರಾದವು.

ತೊಂಬತ್ತಾರನೆಯ ಇಸವಿಯ ಕೊಯ್ಲಿಗೆ ಮುಂಚೆ ಊರಿನ ಕಟ್ಟೆಯಲ್ಲಿ ಗದ್ದೆಯುಳ್ಳವರ ಸಭೆ ಸೇರಿತು. ಈ ವರ್ಷ ಉಣುಗೋಲು ತೆಗೆಯುವುದಿಲ್ಲ, ಎಲ್ಲರೂ ಸೆಣಬು ಹುರುಳಿ ಹಾಕುವುದು, ದನಗಳನ್ನು ಕಟ್ಟಿ ಮೇಯಿಸುವುದು ಎಂದು ತೀರ್ಮಾನವಾಯಿತು. ಅಜ್ಜಂದಿರ ಕಾಲದ ರೂಢಿಯೊಂದು ಅಷ್ಟು ಸಲೀಸಾಗಿ ಬದಲಾದದ್ದನ್ನು ಕಂಡು ರುದ್ರಯ್ಯನವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಸ್ಸಿಗೆ ಕಾಯದೆ ಹೆಗ್ಗದ್ದೆಯವರೆಗೆ ನಡೆದೇ ಹೊರಟರು.

ದಾರಿಯಲ್ಲಿ ಕಾಲುವೆಯ ಏರಿಯ ಮೇಲೆ ಲಿಂಗಮ್ಮ ನಿಂತಿದ್ದರು. ಗಂಡ ತೀರಿಹೋಗಿದ್ದ, ಮಕ್ಕಳಿಲ್ಲದ ಹೆಂಗಸು. ಪಕ್ಕದ ಎಸ್ಟೇಟಿನಲ್ಲಿ ಕೂಲಿ. ಏರಿಯ ಕೊನೆಗೆ ಒಂದು ಗುಡಿಸಲು, ಎರಡು ಹಸು. ಅಂಗೈಯಗಲ ನೆಲವೂ ಇರಲಿಲ್ಲ. ನೆಲವಿಲ್ಲದವರನ್ನು ಗದ್ದೆಯ ಸಭೆಗೆ ಕರೆಯುವ ಪದ್ಧತಿ ಆ ಊರಿನಲ್ಲಿರಲಿಲ್ಲ, ಕರೆಯಬೇಕಿತ್ತೆಂದು ರುದ್ರಯ್ಯನವರಿಗೂ ಹೊಳೆದಿರಲಿಲ್ಲ.

“ಸಾಮೀ, ಈ ಸಲ ಗಳು ತೆಗೆಯಾಕಿಲ್ವಂತೆ, ಹೌದಾ?”

“ಹೌದು ಕಣಮ್ಮ, ಒಳ್ಳೇದೇ ಆಯ್ತದೆ.”

“ನಂಗೆ ಬದು ಇಲ್ಲ ಸಾಮಿ, ಹುಲ್ಲೂ ಇಲ್ಲ. ನನ್ ದನ ಎಲ್ಲಿಗ್ ಬುಡ್ಲಿ?”

ರುದ್ರಯ್ಯನವರು ಆ ಹೊತ್ತಿನಲ್ಲಿ ಹೇಳಿದ ಮಾತನ್ನು ನಮಗೆ ಎಷ್ಟೋ ಸಲ ಹೇಳಿದ್ದಾರೆ. “ಒಂದ್ ವರ್ಷ ತಡ್ಕೊ ಲಿಂಗಮ್ಮ. ಈ ಕಾಲುವೆ ಏರಿ ಸರ್ಕಾರದ್ದು, ಮುಂದಿನ್ ಮಳೆಗೆ ಇಲ್ಲೇ ನಿಂಗೇ ಅಂತ ಹುಲ್ಲು ನೆಟ್ಟು ಕೊಡ್ತೀನಿ.” ಮಾತಿನಲ್ಲಿ ಮೋಸವಿರಲಿಲ್ಲ. ಆದರೆ ಹಸುವಿಗೆ ಮುಂದಿನ ಮಳೆ ಎಂಬ ಲೆಕ್ಕ ಗೊತ್ತಿಲ್ಲ. ಅದಕ್ಕೆ ಆವತ್ತಿನ ಸಂಜೆಗೇ ಹಸಿವು.

ಆ ಬೇಸಿಗೆ ಮಾವಿನಹಡ್ಲಿನ ಬಯಲು ಪೂರ್ತಿ ಹಳದಿ ಹೂವಾಯಿತು. ಜೀಪುಗಳು ಬಂದವು, ಮೇಲಧಿಕಾರಿಗಳು ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಂಡರು, ಕ್ಷೇತ್ರೋತ್ಸವ ನಡೆಯಿತು, ರುದ್ರಯ್ಯನವರು ಬರೆದ ಬಿತ್ತನೆ ಮಾರ್ಗಸೂಚಿ ಅಚ್ಚಾಯಿತು. ಇತ್ತ ಲಿಂಗಮ್ಮ ಕೂಲಿ ಮುಗಿಸಿ ಎಸ್ಟೇಟಿನ ಚರಂಡಿಯ ಕಳೆ, ಬಿದಿರಿನ ಸೊಪ್ಪು, ಸಿಕ್ಕಿದ್ದನ್ನೆಲ್ಲ ಹೊತ್ತು ತಂದು ಹಾಕುತ್ತಿದ್ದರು. ದನಗಳ ಪಕ್ಕೆ ಎದ್ದು ಕಾಣತೊಡಗಿತು. ಒಂದು ಸಲ ಹಗ್ಗ ಬಿಚ್ಚಿಕೊಂಡು ಹೋದ ಹಸು ಗಳುಗಳ ಸಂದಿಯಿಂದ ಮುಖ ತೂರಿಸಿ ಸೆಣಬಿಗೆ ಬಾಯಿ ಹಾಕಿದ್ದಕ್ಕೆ ಊರವರು ಗದರಿ ಅಟ್ಟಿದರು. ಬಿಸಿಲು ಏರುತ್ತಿದ್ದಂತೆ ಲಿಂಗಮ್ಮ ಒಂದು ಹಸುವನ್ನು ದಲ್ಲಾಳಿಗೆ ಕೊಟ್ಟರು. ಇನ್ನೊಂದು ಕೆಂಪಿ, ಅವರೇ ಕರುವಿನಿಂದ ಸಾಕಿದ್ದು. ಅದನ್ನು ದಲ್ಲಾಳಿಗೆ ಕೊಡಲು ಮನಸ್ಸು ಬಾರದೆ ವೀರಯ್ಯನವರ ಕೊಟ್ಟಿಗೆಗೆ ತಂದು ಕಟ್ಟಿ, “ಇಲ್ಲಾದ್ರೆ ಹುಲ್ಲೈತೆ, ಬದುಕ್ಕಂತದೆ” ಎಂದು ಹೇಳಿ ಹಿಂದಿರುಗಿ ನೋಡದೆ ಹೋದರಂತೆ.

ಇದ್ಯಾವುದೂ ರುದ್ರಯ್ಯನವರಿಗೆ ಗೊತ್ತಾಗಲಿಲ್ಲ. ಆ ತಿಂಗಳುಗಳಲ್ಲಿ ಅವರನ್ನು ಊರೂರಿಗೆ ಕರೆದು ಭಾಷಣ ಮಾಡಿಸುತ್ತಿದ್ದರು, ನಾವೂ ಕರೆದೊಯ್ದವರೇ. ಜೂನ್ ಬಂದಾಗ ಮಾತ್ರ ಅವರು ಕೊಟ್ಟ ಮಾತು ಮರೆಯಲಿಲ್ಲ. ಗೋಣಿತುಂಬ ಗಿನಿ ಹುಲ್ಲಿನ ಬುಡ ತಂದು ಇಡೀ ದಿನ ಮಳೆಯಲ್ಲಿ ನೆನೆಯುತ್ತಾ ಕಾಲುವೆಯ ಏರಿಯುದ್ದಕ್ಕೂ ನೆಟ್ಟರು. ಕೊನೆಯ ಬುಡ ಊರಿ, ಕೈ ತೊಳೆದು, ಲಿಂಗಮ್ಮನಿಗೆ ತೋರಿಸೋಣವೆಂದು ಗುಡಿಸಲಿಗೆ ಹೋದರೆ ಬಾಗಿಲಿಗೆ ಹಗ್ಗ ಬಿಗಿದಿತ್ತು. ಅಂಗಳದಲ್ಲಿ ಎರಡು ಖಾಲಿ ಗೂಟ. ಎಲ್ಲವನ್ನೂ ವೀರಯ್ಯನವರ ಬಾಯಿಂದ ಕೇಳಿದ್ದು ಆ ಸಂಜೆ.

ಹಾಸನ ಮಂಗಳೂರು ರೈಲುಹಳಿಯನ್ನು ಅಗಲ ಮಾಡುವ ಕೆಲಸಕ್ಕೆಂದು ಆಗ ಘಟ್ಟದಲ್ಲಿ ರೈಲು ನಿಲ್ಲಿಸಿದ್ದರು. ಲಿಂಗಮ್ಮ ಜಲ್ಲಿ ಹೊರುವ ಗುಂಪಿನ ಜೊತೆ ಎಡಕುಮೇರಿ ಕಡೆಗೆ ಹೋಗಿದ್ದಾರೆಂದು ಸುದ್ದಿ. ಮಳೆ ಸ್ವಲ್ಪ ಹೊಳವಾದದ್ದೇ ರುದ್ರಯ್ಯನವರು ರಜೆ ಹಾಕಿ, ದೋಣಿಗಲ್ಲಿನಿಂದ ಹಳಿಯ ಮೇಲೆ ನಡೆದು, ಸೇತುವೆ ಸುರಂಗಗಳನ್ನು ದಾಟಿ, ಜಿಗಣೆ ಕಿತ್ತುಕೊಳ್ಳುತ್ತಾ ಎಡಕುಮೇರಿ ಸ್ಟೇಷನ್ನಿನ ಆಚೆಗಿನ ಶೆಡ್ಡುಗಳನ್ನು ಮುಟ್ಟಿದರು. ಲಿಂಗಮ್ಮ ಬುಟ್ಟಿ ಇಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡರು. ಬೈಯಲಿಲ್ಲ, ಅಳಲೂ ಇಲ್ಲ. ಮೊದಲು ಕೇಳಿದ್ದು ಊರಿನ ಗದ್ದೆಯನ್ನೇ.

“ಪೈರು ಹೆಂಗೈತೆ ಸಾಮಿ ಈ ಸಲ?”

“ಚೆನ್ನಾಗೈತೆ.”

“ಚೆನ್ನಾಗೇ ಬತ್ತದೆ ಬುಡಿ. ಆ ಹಳದಿ ಹೂವು ಬೋ ಚಂದಿತ್ತು. ನಾನೂ ಕಾಲುವೆ ಮೇಲ್ ನಿಂತು ನೋಡ್ತಿದ್ದೆ.”

ರುದ್ರಯ್ಯನವರು ಏರಿಯ ಮೇಲೆ ಹುಲ್ಲು ನೆಟ್ಟಿರುವುದನ್ನು ಹೇಳಿದರು, ಬುಡ ಹಿಡಿದಿದೆ, ವಾಪಸು ಬಾ ಎಂದರು. ಲಿಂಗಮ್ಮ ತಿರುಗಿ ಕೇಳಿದರು: “ಹುಲ್ಲು ನೆಟ್ರಿ. ಸರಿ. ತಿನ್ನಾಕೆ ಹಸ ಎಲ್ಲೈತೆ ಸಾಮಿ?”

ಅದಕ್ಕೆ ದಾರಿಯನ್ನೂ ಆಕೆಯೇ ಹೇಳಿಕೊಟ್ಟರು: “ಕೆಂಪೀನ ಕೊಡ್ಸಿ. ಅದು ಬಂದ್ರೆ ನಾನೂ ಬತ್ತೀನಿ.”

ಬಂದ ಕಾಲಲ್ಲೇ ಅವರು ವೀರಯ್ಯನವರ ಮನೆಗೆ ಹೋದರು. ಕೆಂಪಿಯನ್ನು ಹಿಂದಿರುಗಿಸಲು ವೀರಯ್ಯನವರು ತಕ್ಷಣ ಒಪ್ಪಿದರು. ಇಂಥ ದೊಡ್ಡ ಮನಸ್ಸಿನವರು ಇದ್ದುದರಿಂದಲೇ ಆ ಊರಿನಲ್ಲಿ ಏನಾದರೂ ಸಾಧ್ಯವಾಯಿತೆಂದು ಹೇಳಲೇಬೇಕು. “ಆದ್ರೆ ಕೆಂಪಿ ಗಬ್ಬ ಐತೆ ಸ್ವಾಮಿ. ತುಂಬಿದ್ ದಿನ. ಈಗ ಹೊಡ್ಕಂಡ್ ಹೋಗಿ ಯಾಕೆ ಗೋಳ್ ಹುಯ್ಕತೀರಿ? ಕರ ಹಾಕ್ಲಿ, ಹಸ ಕರ ಎರಡೂ ಕೊಟ್ ಕಳುಸ್ತೀನಿ. ಆಯಮ್ಮಂಗೂ ಹಾಲಾಯ್ತದೆ.” ಎಂಥ ಒಳ್ಳೆಯ ಮಾತು! ರುದ್ರಯ್ಯನವರಿಗೂ ಹಾಗೆಯೇ ಅನ್ನಿಸಿತು. ಇನ್ನೊಂದು ತಿಂಗಳು ತಡೆದರೆ ಹಸುವಿನ ಜೊತೆ ಕರುವನ್ನೂ ಕೊಟ್ಟು ತಪ್ಪನ್ನು ತಿದ್ದಿಕೊಳ್ಳಬಹುದು. ದೀಪಾವಳಿ ಕಳೆದ ಮೇಲೆ ಬಂದು ಕರೆದೊಯ್ಯುವೆವೆಂದು ಎಡಕುಮೇರಿಗೆ ಹೇಳಿಕಳಿಸಿದರು.

ಕೆಂಪಿ ಹೆಣ್ಣುಗರು ಹಾಕಿತು. ಅದಕ್ಕೆ ಗೆಜ್ಜೆ ಕಟ್ಟಿ ಕಳಿಸುವುದೆಂದು ವೀರಯ್ಯನವರ ಮನೆಯ ಹೆಣ್ಣುಮಕ್ಕಳು ಸಡಗರ ಮಾಡುತ್ತಿದ್ದಾಗ ರೈಲು ಕೆಲಸದ ಮೇಸ್ತ್ರಿ ಜವರಯ್ಯ ಬಂದ. ಲಿಂಗಮ್ಮನಿಗೆ ಚಳಿಜ್ವರ ಬಂತು, ಟ್ರಾಲಿಯ ಮೇಲೆ ಮಲಗಿಸಿ ಸಕಲೇಶಪುರಕ್ಕೆ ತರುತ್ತಿದ್ದಾಗ ದಾರಿಯಲ್ಲೇ ಜೀವ ಹೋಯಿತು ಎಂದ. “ಊರಿಗ್ ಹೋಯ್ತೀನಿ, ನನ್ ಹಸ ಕರ ಹಾಕೈತಂತೆ ಅಂತಿದ್ಲು ಕಣ್ರೀ” ಎಂದೂ ಹೇಳಿದ. ಅದೆಲ್ಲಿಂದ ಆಕೆಗೆ ಗೊತ್ತಾಗಿತ್ತೋ, ಯಾರು ಹೇಳಿದ್ದರೋ. ಎರಡು ಸಲವೂ ತಡ್ಕೊ ಎಂದದ್ದು ನಾನೇ ಎಂದು ಅಂದು ಹೇಳಿದ ರುದ್ರಯ್ಯನವರು ಇಂದಿಗೂ ಅದನ್ನೇ ಹೇಳುತ್ತಾರೆ. ಸಮಾಧಾನ ಹೇಳಲು ಹೋದವರಿಗೆ ಬೈಗುಳ ಸಿಕ್ಕಿದೆ.

ಆಮೇಲಿನ ರುದ್ರಯ್ಯನವರು ಬೇರೆಯೇ ಮನುಷ್ಯ. ಮಾರ್ಗಸೂಚಿಯ ಮರುಮುದ್ರಣದ ಪ್ರಸ್ತಾಪ ಬಂದಾಗ, ಮಣ್ಣಿನಲ್ಲಿ ಹಸಿ ಇರುವಾಗಲೇ ಬೀಜ ಎರಚಿ ಎಂಬ ಮೊದಲ ಸಾಲನ್ನು ಕೆಳಕ್ಕೆ ಸರಿಸಿ ಅದರ ಮೇಲೆ ಹೀಗೆ ಸೇರಿಸಿದರು: “ಬೀಜ ತೆಗೆಯುವ ಮೊದಲು, ಈ ನೆಲದಲ್ಲಿ ಈಗ ಯಾರ ದನ ಮೇಯುತ್ತಿದೆ ಎಂದು ಕೇಳಿ. ನೆಲವಿಲ್ಲದವರ ಹುಲ್ಲು ಕೊಯ್ಲಿಗೆ ಬಂದ ಮೇಲೆ ನಿಮ್ಮ ಹೊದಿಕೆ ಬೆಳೆ ಬಿತ್ತಿ.” ಬಿತ್ತನೆಯ ಕೈಪಿಡಿಯಲ್ಲಿ ಇಂಥ ಮಾತೇಕೆ ಎಂದು ಮೇಲಿನವರು ಕೇಳಿದರು. ಆಗ ತಾನೇ ಕೆಲಸಕ್ಕೆ ಸೇರಿದ್ದ ನಯನಾ ಅವರು ಅವರ ಪರವಾಗಿ ನಿಂತರು, ಆ ಸಾಲು ಉಳಿಯಿತು. ಮುಂದಿನ ಊರುಗಳಲ್ಲಿ ಅವರು ಹುಲ್ಲಿನ ಗೋಣಿಯನ್ನು ಮೊದಲು ಇಳಿಸುತ್ತಿದ್ದದ್ದು ಊರ ಕೊನೆಯ ಗುಡಿಸಲುಗಳ ಮುಂದೆ. ಕಾಲುವೆ ಏರಿ, ರಸ್ತೆಯ ಅಂಚು, ಕೆರೆಯ ಹಿಂಭಾಗ, ಎಲ್ಲಿ ಯಾರಿಗೂ ಸೇರದ ನೆಲವಿದೆಯೋ ಅಲ್ಲೆಲ್ಲ ನೆಟ್ಟರು. ಕಟ್ಟೆಯ ಸಭೆಗೆ ಕೂಲಿಯವರನ್ನೂ ಕರೆಯದಿದ್ದರೆ ಬಾಯಿ ಬಿಡುತ್ತಿರಲಿಲ್ಲ. ಆಲೂರು ಕಡೆಯ ಒಂದೂರಿನಲ್ಲಿ ಕರೆಯುವವರೆಗೆ ಮಧ್ಯಾಹ್ನವಿಡೀ ಹಾಗೇ ಕೂತಿದ್ದರು. ಊರಿನವರು ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ.

ಕಿರಿಯರಾದ ನಮಗೆ ಅವರು ಮಾಡಿದ ಉಪಕಾರಗಳನ್ನು ಹೇಳಹೊರಟರೆ ಈ ಸಂಪುಟ ಸಾಲದು. ನಯನಾ ಅವರು ಮೊದಲ ಮಳೆಗಾಲದಲ್ಲಿ ನೆಟ್ಟ ಕಡ್ಡಿಗಳೆಲ್ಲ ಕೊಳೆತುಹೋದಾಗ ರುದ್ರಯ್ಯನವರು ಯಾರಿಗೂ ಹೇಳದೆ ಭಾನುವಾರ ಬಂದು, ನೀರು ಬಸಿಯುವ ಕಾಲುವೆ ತೋಡಿ, ಹೊಸ ಕಡ್ಡಿ ನೆಟ್ಟು ಹೋದದ್ದು ಒಂದು ಉದಾಹರಣೆ ಮಾತ್ರ. “ಕೆಸರಲ್ಲಿ ಕೂರದೆ ಹುಲ್ಲು ನೆಡ್ತೀನಿ ಅಂದ್ರೆ ಅದು ಬೇರು ಬುಡಾಕಿಲ್ಲ ತಾಯಿ” ಎಂದು ಆಮೇಲೆ ಅಣಕಿಸಿದ್ದೂ ಉಂಟು.

ನಿವೃತ್ತಿಯ ವಾರ ಮಾವಿನಹಡ್ಲಿನವರು ಅವರನ್ನು ಕರೆಸಿಕೊಂಡರು. ಶಾಲು ಹಣ್ಣು ತಂದಿಟ್ಟು, ಇನ್ನೇನು ಬೇಕು ಕೇಳಿ ಎಂದಾಗ ರುದ್ರಯ್ಯನವರು ಶಾಲು ಪಕ್ಕಕ್ಕಿಟ್ಟು ಹೇಳಿದರು: “ಒಂದೇ ಒಂದ್ ದಿನ ಉಣುಗೋಲು ತೆಗೀರಿ.” ಆ ವರ್ಷದ ಸೆಣಬನ್ನು ಆಗಲೇ ಉತ್ತಾಗಿತ್ತು, ಹಾಳಾಗುವಂಥದ್ದೇನೂ ಇರಲಿಲ್ಲ. ಮುದುಕರಾಗಿದ್ದ ವೀರಯ್ಯನವರು ಕೋಲೂರಿಕೊಂಡು ಬಂದು ತಾವೇ ಗಳುಗಳನ್ನು ಎಳೆದರು. ಕೊಟ್ಟಿಗೆಗಳ ದನಗಳನ್ನೆಲ್ಲ ಬಿಚ್ಚಿ ತಂದು ಬಯಲಿನ ಬಾಯಿಗೆ ನಿಲ್ಲಿಸಿದರು.

ದನಗಳು ಒಳಗೆ ಹೋಗಲಿಲ್ಲ. ಉಣುಗೋಲು ತೆಗೆಯುವುದು ನಿಂತಮೇಲೆ ಹುಟ್ಟಿದ ಹಸುಗಳು ಅವು, ತೆರೆದ ಬಯಲಿಗೆ ಕಾಲಿಡುವುದನ್ನು ಕಲಿತವಲ್ಲ. ಯಾರಾದರೂ ಹುಲ್ಲು ಕೊಯ್ದು ತಂದು ಹಾಕುತ್ತಾರೆಂದು ತಲೆಯೆತ್ತಿ ನೋಡುತ್ತಾ ನಿಂತವು. ಗದ್ದಲ ಮಾಡಿ ಅಟ್ಟಿದರೂ ಹಿಂದಕ್ಕೇ ಸರಿದವು.

ಆಗ ವೀರಯ್ಯನವರ ಕೊಟ್ಟಿಗೆಯಲ್ಲೇ ಉಳಿದು ಮುದಿಯಾಗಿದ್ದ ಕೆಂಪಿ ಮುಂದೆ ಬಂತು. ಕಂಬಗಳ ನಡುವೆ ಒಂದು ಗಳಿಗೆ ನಿಂತು ನೆಲ ಮೂಸಿ ಒಳಗೆ ಕಾಲಿಟ್ಟಿತು. ಅಲ್ಲಲ್ಲಿ ಉಳಿದಿದ್ದ ಚಿಗುರಿಗೆ ಬಾಯಿ ಹಾಕದೆ, ಬಯಲನ್ನು ನೇರ ದಾಟಿ, ಆಚೆ ಕಾಲುವೆಯ ಏರಿ ಹತ್ತಿ, ಅದರ ಕೊನೆಗೆ ಹೋಯಿತು. ಅಲ್ಲಿದ್ದ ಗುಡಿಸಲು ಎಂದೋ ಬಿದ್ದುಹೋಗಿ ಒಂದು ಗೂಟ ಮಾತ್ರ ಉಳಿದಿತ್ತು. ಕೆಂಪಿ ಆ ಗೂಟದ ಪಕ್ಕ ಮಲಗಿತು. ರುದ್ರಯ್ಯನವರು ಹೊಸ ಪಂಚೆಯಲ್ಲಿಯೇ ಉತ್ತ ಗದ್ದೆಯ ಹೆಂಟೆ ತುಳಿಯುತ್ತಾ ಅದರ ಹಿಂದೆ ಹೋದರು. ಏರಿಯ ಮೇಲಿನ ಗಿನಿ ಹುಲ್ಲು ಎದೆಯೆತ್ತರ ಬೆಳೆದಿತ್ತು. ಒಂದು ಹಿಡಿ ಕೊಯ್ದು ಅದರ ಮುಂದಿಟ್ಟು, ಕತ್ತಿನ ಮೇಲೆ ಕೈಯಿಟ್ಟು ಕೂತು ಅತ್ತರು. ಊರೆಲ್ಲ ಬಯಲಿನ ಈಚೆಯೇ ನಿಂತಿತ್ತು, ಯಾರೂ ಕರೆಯಲು ಹೋಗಲಿಲ್ಲ.

ಶ್ರೀ ರುದ್ರಯ್ಯನವರಿಗೆ ಆಯುಸ್ಸು ಆರೋಗ್ಯಗಳು ತುಂಬಿ ಬರಲಿ. ನಿವೃತ್ತಿಯ ಮಾರನೆಯ ದಿನವೇ ಗೋಣಿ ಹಿಡಿದು ಬಸ್ಸು ಹತ್ತಿದ್ದಾರೆಂದು ಕಂಡಕ್ಟರ್ ಗಣೇಶ್ ಹೇಳಿದ್ದಾನೆ. ಬರುವ ಮಳೆಗಾಲಗಳಲ್ಲೆಲ್ಲ ಆ ಗೋಣಿ ಹೀಗೆಯೇ ಒದ್ದೆಯಾಗಿರಲಿ, ಕೈಯ ಕೆಸರು ಆರದಿರಲಿ. ಅವರ ಮನಸ್ಸಿನ ಭಾರವನ್ನು ಇಳಿಸುವ ಶಕ್ತಿ ನಮ್ಮ ಹಾರೈಕೆಗಿಲ್ಲ ಎಂದು ಬಲ್ಲೆವು. ಮಾರ್ಗಸೂಚಿಯ ಆ ಮೊದಲ ಸಾಲನ್ನು ಯಾರೂ ಅಳಿಸದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಅವರು ಷರತ್ತು ಹಾಕಿದಂತೆ ಲಿಂಗಮ್ಮನ ವಿಷಯವನ್ನು ಬರೆದಿದ್ದೇವೆ. ಇನ್ನಾದರೂ ಈ ಪುಸ್ತಕವನ್ನು ಅವರು ಕೈಗೆ ತೆಗೆದುಕೊಳ್ಳಲಿ.